ಮುದ್ದೆ ನುಂಗಲಾದೀತೇ?

ಹನ್ನೊಂದು ವರ್ಷಗಳಿಂದ ಮ್ಯಾಂಚೆಸ್ಟರ್‌ನಲ್ಲಿ ನೆಲೆಸಿರುವ ನಾನು, ಕಳೆದ ಬಾರಿ ಊರಿಗೆ ಬಂದಾಗ ಸೋದರಮಾವನ ಜೊತೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದೆ. ರೇಡಿಯೇಷನ್‌ಗೆ ಕರಗಿದ್ದ ನಾಲಿಗೆ ಬುಡದ ಕ್ಯಾನ್ಸರ್ ಎರಡು ವರ್ಷದ ಮೇಲೆ ಅಲ್ಲೇ ಮರುಕಳಿಸಿತ್ತು. ಬೆಳಗ್ಗೆ ಫೋನ್ ಮಾಡಿದರೆ ಸಂಜೆಗೇ ಶಸ್ತ್ರವೈದ್ಯರ ಭೇಟಿ. ಇಂಗ್ಲೆಂಡಿನಲ್ಲಿ ಈ ವೇಗವನ್ನು ನಾನು ಕಂಡಿಲ್ಲ. ಆದರೆ ವೈದ್ಯರು ಮಾವನ ಬಾಯಿ ನೋಡುವ ಮೊದಲೇ, ಕೌಂಟರಿನಲ್ಲಿ ಕೊಟ್ಟ ಅಂದಾಜು ಪಟ್ಟಿಯಲ್ಲಿ ‘ರೋಬೋಟ್ ಶುಲ್ಕ’ ಎಂಬ ಸಾಲು ಅಚ್ಚಾಗಿತ್ತು.

ಶಸ್ತ್ರಚಿಕಿತ್ಸೆಗೆ ಬಳಸುವ ಈ ರೋಬೋಟ್ ಯಂತ್ರದ ಬಗ್ಗೆ ನನಗೆ ತಕರಾರಿಲ್ಲ. ಆ ಜಾಗವನ್ನು ತಲುಪಲು ಹಿಂದೆ ಎಷ್ಟೋ ಸಲ ಕೆಳದುಟಿ ಸೀಳಿ, ದವಡೆಯ ಎಲುಬನ್ನೇ ಕತ್ತರಿಸಬೇಕಾಗುತ್ತಿತ್ತು; ಈಗ ವೈದ್ಯರು ಪಕ್ಕದ ಕನ್ಸೋಲ್‌ನಲ್ಲಿ, ಅಂದರೆ ಯಂತ್ರವನ್ನು ನಿಯಂತ್ರಿಸುವ ಮೇಜಿನಲ್ಲಿ ಕುಳಿತು, ಬಾಯಿಯ ಮೂಲಕವೇ ಒಳಹೋದ ಸಣ್ಣ ಉಪಕರಣಗಳನ್ನು ಆಡಿಸುತ್ತಾರೆ. ಗಂಟಲಿನ ಆರಂಭಿಕ ಹಂತದ ಗಡ್ಡೆಗಳಿಗೆ ಇದನ್ನು ಬಳಸಲು ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಒಪ್ಪಿಗೆ ಕೊಟ್ಟಿತು. ರೇಡಿಯೇಷನ್ ಆದ ಜಾಗ ಗಡುಸಾಗಿರುತ್ತದೆ, ಅಲ್ಲಿ ಗಾಯ ಮಾಯುವುದು ನಿಧಾನ. ಹಾಗಾಗಿ ರೋಗ ಮರುಕಳಿಸಿದವರಿಗೆ ಸಣ್ಣ ಗಾಯದ ಬೆಲೆ ಇನ್ನೂ ಹೆಚ್ಚು. ಗಡ್ಡೆ ಎಲುಬಿಗೋ ಕತ್ತಿನ ದೊಡ್ಡ ರಕ್ತನಾಳಕ್ಕೋ ಅಂಟಿಕೊಂಡಿದ್ದರೆ ಮಾತ್ರ ರೋಬೋಟ್ ಕೈಲಾಗದು.

ಇಂಗ್ಲೆಂಡಿನಲ್ಲಿ ಎಚ್‌ಪಿವಿ ವೈರಸ್‌ನಿಂದ ಬರುವ ಟಾನ್ಸಿಲ್, ನಾಲಿಗೆ ಬುಡದ ಕ್ಯಾನ್ಸರ್ ಹೆಚ್ಚು. ಅದಕ್ಕೆ ಈ ಯಂತ್ರ ಹೇಳಿ ಮಾಡಿಸಿದ ಹಾಗಿದೆ. ನಮ್ಮಲ್ಲಿ ಹೊಗೆಸೊಪ್ಪು, ಗುಟ್ಕಾಗಳಿಂದ ಬರುವುದು ಬಹುಪಾಲು ಕೆನ್ನೆ, ವಸಡುಗಳಿಗೆ, ಅಂದರೆ ವೈದ್ಯರ ಕೈ ನೇರವಾಗಿ ಎಟುಕುವ ಕಡೆಗೆ. ಸಾಲದ್ದಕ್ಕೆ, ವರ್ಷಗಟ್ಟಲೆ ಅಡಿಕೆ ಅಗಿದವರ ಬಾಯಿ ಬಿಗಿದುಕೊಂಡು ಸರಿಯಾಗಿ ತೆರೆಯುವುದೇ ಇಲ್ಲ. ಮಾವನಿಗೆ ಮೂರು ಬೆರಳು ಜೋಡಿಸಿ ಹಲ್ಲುಗಳ ನಡುವೆ ತೂರಿಸಲು ವೈದ್ಯರು ಹೇಳಿದರು. ಎರಡೂ ಪೂರ್ತಿ ಹೋಗಲಿಲ್ಲ. ಪ್ರಾಮಾಣಿಕ ಮನುಷ್ಯ, ಪಟ್ಟಿಯ ಆ ಸಾಲನ್ನು ತಾವೇ ಪೆನ್ನಿನಿಂದ ಹೊಡೆದುಹಾಕಿದರು.

ನನ್ನ ಆಕ್ಷೇಪ ಇರುವುದು ಬೇರೆಡೆ. ಮ್ಯಾಂಚೆಸ್ಟರ್‌ನಲ್ಲಿ ನನ್ನ ಸಹೋದ್ಯೋಗಿಗೆ ಇದೇ ರೋಗ ಬಂದಾಗ, ಶಸ್ತ್ರಚಿಕಿತ್ಸೆಗೆ ಮೊದಲೇ ನುಂಗುವಿಕೆಯ ತಜ್ಞೆಯೊಬ್ಬರು ಎದುರು ಕೂತು, ನೀರು ಕುಡಿಸಿ, ಬಿಸ್ಕತ್ತು ತಿನ್ನಿಸಿ, ಮುಂದೆ ಯಾವುದು ಕಷ್ಟವಾದೀತೆಂದು ಬಿಡಿಸಿ ಹೇಳಿದ್ದರು. 1965ರಲ್ಲಿ ಶುರುವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಮಾತಿನ ಜೊತೆಗೆ ನುಂಗುವ ತೊಂದರೆಯನ್ನೂ ನೋಡುವ ಇಂಥ ತಜ್ಞರನ್ನು ತಯಾರು ಮಾಡುತ್ತಲೇ ಬಂದಿರುವಾಗ, ಇಲ್ಲಿ ಅವರನ್ನು ಮೊದಲ ದಿನವೇ ಏಕೆ ಕರೆಯಬಾರದು? ಮಾವ ಆ ಸಂಜೆ ರೋಬೋಟ್ ಬಗ್ಗೆ ಏನೂ ಕೇಳಲಿಲ್ಲ. “ಆಮೇಲೆ ಮುದ್ದೆ ನುಂಗಕ್ಕಾಗುತ್ತಾ, ಸ್ವಾಮಿ?” ಎಂದಷ್ಟೇ ಕೇಳಿದರು. ವೈದ್ಯರು ಗಡಿಯಾರ ನೋಡಿ, “ಆಪರೇಷನ್ ಆಗಲಿ ಯಜಮಾನ್ರೇ, ಆಮೇಲೆ ನೋಡೋಣ” ಎಂದರು.