ಎಷ್ಟು ಪರಮಾಣು ಎಂದಷ್ಟೇ ಕೇಳಬೇಡಿ

ನಿನ್ನೆ ರಾತ್ರಿ ನೋಡಿದ ಒಂದು ವಿಡಿಯೊದ ಸಿಟ್ಟು ಇನ್ನೂ ಇಳಿದಿಲ್ಲ. 6,100 ಕ್ಯೂಬಿಟ್‌ಗಳ, ಎಂದರೆ ಮಾಹಿತಿ ಹಿಡಿದಿಡುವ 6,100 ಮೂಲ ಘಟಕಗಳ, ಕ್ವಾಂಟಮ್ ಕಂಪ್ಯೂಟರ್ ಬಂದೇಬಿಟ್ಟಿತಂತೆ, ಇನ್ನು ಪಾಸ್‌ವರ್ಡ್‌ಗಳಿಗೆ ಉಳಿಗಾಲವಿಲ್ಲವಂತೆ! ನಡೆದದ್ದು ಇಷ್ಟು: 2025ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ವಿಜ್ಞಾನಿಗಳು 6,100 ಸೀಸಿಯಂ ಪರಮಾಣುಗಳನ್ನು (ಒಂದೊಂದೂ ಒಂದು ಕ್ಯೂಬಿಟ್) ಲೇಸರ್ ಬೆಳಕಿನ ಚಿಮುಟಗಳಲ್ಲಿ ಹಿಡಿದು, ಅವುಗಳ ಕ್ವಾಂಟಮ್ ಸ್ಥಿತಿಯನ್ನು ಸುಮಾರು 13 ಸೆಕೆಂಡು ಕಾಪಾಡಿದರು. ಅದನ್ನು ಓದಿದ ದಿನ ನಾನು ಕುಣಿದಾಡಿದ್ದೆ. ಆದರೆ ಅಷ್ಟೂ ಪರಮಾಣುಗಳು ಸೇರಿ ಯಾವ ಲೆಕ್ಕವನ್ನೂ ಮಾಡಿರಲಿಲ್ಲ. ಹಿಡಿದು ನಿಲ್ಲಿಸುವುದು ಬೇರೆ, ತಪ್ಪಿಲ್ಲದೆ ಲೆಕ್ಕ ಮಾಡಿಸುವುದು ಬೇರೆ.

ಜನರಿಗೆ ಸುಲಭವಾದ ಒಂದು ಸಂಖ್ಯೆ ಬೇಕಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ಬೇಕಾದರೆ ತಪ್ಪಿನ ಪ್ರಮಾಣ ಹೇಳಿ! 2023ರಲ್ಲಿ ಹಾರ್ವರ್ಡ್ ತಂಡ ಎರಡು ಪರಮಾಣುಗಳ ಕ್ವಾಂಟಮ್ ಸ್ಥಿತಿಗಳನ್ನು ಒಂದಕ್ಕೊಂದು ಹೆಣೆಯುವ ಕ್ರಿಯೆಯಲ್ಲಿ ಶೇ 99.5ರಷ್ಟು ನಿಖರತೆ ಸಾಧಿಸಿತು. ಎಂದರೆ ಸುಮಾರು ಇನ್ನೂರು ಸಲಕ್ಕೆ ಒಂದು ತಪ್ಪು. ಉಪಯುಕ್ತ ಲೆಕ್ಕಕ್ಕೆ ಇಂಥ ಲಕ್ಷಾಂತರ ಹೆಜ್ಜೆಗಳು ಬೇಕು. ತಪ್ಪು ತಿದ್ದೋಣವೆಂದರೆ, ಕ್ಯೂಬಿಟ್‌ನ ನಕಲು ತೆಗೆದಿಡಲು ಪ್ರಕೃತಿ ಬಿಡುವುದಿಲ್ಲ, ನೇರವಾಗಿ ಅಳೆದರೆ ಅದರ ಸ್ಥಿತಿಯೇ ಕೆಡುತ್ತದೆ. ಒಂದು ಕ್ಯೂಬಿಟ್‌ನ ಮಾಹಿತಿಯನ್ನು ಒಂಬತ್ತರಲ್ಲಿ ಹರಡಿ ಉಳಿಸುವ ದಾರಿಯನ್ನು ಗಣಿತಜ್ಞ ಪೀಟರ್ ಶೋರ್ 1995ರಲ್ಲಿ ತೋರಿಸಿದರು. ಯಾರ ಬಳಿ ಏನಿದೆ ಎಂದು ಕೇಳದೆ, ನೀವಿಬ್ಬರೂ ಒಂದೇ ಥರ ಇದ್ದೀರಾ ಎಂದಷ್ಟೇ ಕೇಳಿ ತಪ್ಪನ್ನು ಪತ್ತೆಹಚ್ಚುವ ಆ ಜಾಣ್ಮೆಗೆ ನಾನು ಇಂದಿಗೂ ತಲೆಬಾಗುತ್ತೇನೆ.

ಇಂಥ ತಟಸ್ಥ (ವಿದ್ಯುದಾವೇಶವಿಲ್ಲದ) ಪರಮಾಣುಗಳ ಬಗ್ಗೆ ನನಗಿರುವ ಭರವಸೆಯ ಮೂಲ ಇಲ್ಲಿದೆ. ಲೆಕ್ಕದ ನಡುವೆಯೇ ಅವುಗಳನ್ನು ಎತ್ತಿ, ಬೇಕಾದ ಪರಮಾಣುವಿನ ಪಕ್ಕಕ್ಕೆ ಒಯ್ಯಬಹುದು. ಹಾರ್ವರ್ಡ್‌ನ ಭೌತವಿಜ್ಞಾನಿ ಮಿಖಾಯಿಲ್ ಲೂಕಿನ್ ಅವರ ತಂಡ 280 ಪರಮಾಣುಗಳವರೆಗಿನ ಯಂತ್ರದಲ್ಲಿ 48 ತಾರ್ಕಿಕ ಕ್ಯೂಬಿಟ್‌ಗಳವರೆಗೆ (ಹಲವು ಪರಮಾಣುಗಳಲ್ಲಿ ಹರಡಿ ಕಾಪಾಡಿದ ಕ್ಯೂಬಿಟ್‌ಗಳು) ನಡೆಸಿದ್ದು ಹೀಗೆಯೇ. ಅದಕ್ಕಿಂತ ನನಗೆ ಮುಖ್ಯವಾದದ್ದು, ರಕ್ಷಣೆಯ ಸಂಕೇತವನ್ನು ದೊಡ್ಡದು ಮಾಡಿದಾಗ, ಎಂದರೆ ಮಾಹಿತಿಯನ್ನು ಇನ್ನೂ ಹೆಚ್ಚು ಪರಮಾಣುಗಳಲ್ಲಿ ಹರಡಿದಾಗ, ತಾರ್ಕಿಕ ಕ್ರಿಯೆಯ ತಪ್ಪು ಕಡಿಮೆಯಾಯಿತು ಎಂಬುದು. 6,100ರ ಗದ್ದಲದಲ್ಲಿ ಈ ಮಾತನ್ನು ಯಾರೂ ಎತ್ತುವುದಿಲ್ಲ.

ಒಂದು ತಪ್ಪೊಪ್ಪಿಗೆ. ನನ್ನ ತರಗತಿಗಳಲ್ಲಿ ನಾನೂ ಹಲವು ವರ್ಷ ಸಂಖ್ಯೆಯಿಂದಲೇ ಪಾಠ ಆರಂಭಿಸುತ್ತಿದ್ದೆ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು, "ಸರ್, ನಡುವೆ ಒಂದು ಪರಮಾಣು ಚಿಮುಟದಿಂದ ಜಾರಿಹೋದರೆ?" ಎಂದಳು. ಉತ್ತರಿಸಲಾಗದೆ ಪಾಠ ಮುಂದುವರಿಸಿದೆ. ಆ ನಾಚಿಕೆ ಇನ್ನೂ ಇದೆ. 2025ರಲ್ಲಿ ಹಾರ್ವರ್ಡ್‌ನವರು ಕಳೆದುಹೋದ ಪರಮಾಣುಗಳ ಜಾಗಕ್ಕೆ ಹೊಸವನ್ನು ತುಂಬುತ್ತಾ, 3,000ಕ್ಕೂ ಹೆಚ್ಚು ಪರಮಾಣುಗಳ ಸಾಲನ್ನು ಎರಡು ಗಂಟೆಗೂ ಮೀರಿ ಉಳಿಸಿಕೊಂಡರು. ಆ ಸುದ್ದಿಯನ್ನು ಅವಳಿಗೆ ಕಳುಹಿಸಿದೆ, ಕ್ಷಮೆಯನ್ನೂ ಕೇಳಿದೆ.