31ರಲ್ಲೇ ಊರಿಗೆ ಮರಳಿದ ವೆರೋನ್

ನಾನು ಮ್ಯಾಂಚೆಸ್ಟರ್‌ಗೆ ಬಂದಿದ್ದು 2001ರ ಸೆಪ್ಟೆಂಬರ್‌ನಲ್ಲಿ. ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಹುವಾನ್ ಸೆಬಾಸ್ಟಿಯನ್ ವೆರೋನ್ ನನಗಿಂತ ಎರಡು ತಿಂಗಳು ಮೊದಲು ಬಂದಿದ್ದ. ಅವನಿಗಾಗಿ ಮ್ಯಾಂಚೆಸ್ಟರ್ ಯುನೈಟೆಡ್ 2 ಕೋಟಿ 81 ಲಕ್ಷ ಪೌಂಡ್ ಕೊಟ್ಟಿತ್ತು. ಅಲ್ಲಿಯವರೆಗೆ ಬ್ರಿಟನ್ನಿನ ಯಾವ ಕ್ಲಬ್ಬೂ ಒಬ್ಬ ಆಟಗಾರನಿಗೆ ಅಷ್ಟು ಹಣ ಕೊಟ್ಟಿರಲಿಲ್ಲ.

ನಾನು ಹಲಸೂರಿನವನು. ಗೌತಮಪುರ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಪೆಲೆಯ ಪ್ರತಿಮೆ ಇರುವ ಬೀದಿ ಅದು. ಅಲ್ಲಿ ತಮಿಳು ಮನೆಮಾತಿನವರೇ ಜಾಸ್ತಿ, ಕನ್ನಡವೂ ಸಲೀಸು. ಸಂಜೆಯಾದರೆ ಎಲ್ಲರ ಬಾಯಲ್ಲೂ ಫುಟ್‌ಬಾಲೇ. ಹಾಗಾಗಿ ಮ್ಯಾಂಚೆಸ್ಟರ್‌ನಲ್ಲಿ ಕೆಲಸ ಸಿಕ್ಕಿತು ಎಂದಾಗ ಅಮ್ಮ ಚಳಿಯ ಬಗ್ಗೆ ಕೇಳಿದರು, ನನ್ನ ಗೆಳೆಯರು ವೆರೋನ್ ಬಗ್ಗೆ ಕೇಳಿದರು.

ಇಲ್ಲಿ ಅವನು ಎರಡು ಸೀಸನ್ ಆಡಿದ. ಯುರೋಪಿನ ಪಂದ್ಯಗಳಲ್ಲಿ ಅವನ ಪಾಸ್‌ಗಳನ್ನು ನೋಡುವುದೇ ಒಂದು ಹಬ್ಬ. ಪಾದದ ಹೊರಬದಿಯಿಂದ ಚೆಂಡನ್ನು ತಿರುಗಿಸಿ ನಲವತ್ತು ಗಜ ಆಚೆಗೆ ಕಳಿಸುತ್ತಿದ್ದ. ಆದರೆ ಲೀಗ್ ಪಂದ್ಯಗಳಲ್ಲಿ ಅವನಿಗೆ ಬಿಡುವೇ ಸಿಗುತ್ತಿರಲಿಲ್ಲ. ಚೆಂಡು ಕಾಲಿಗೆ ಬರುವಷ್ಟರಲ್ಲಿ ಯಾರೋ ಒಬ್ಬರು ಬಂದು ಡಿಕ್ಕಿ ಹೊಡೆಯುತ್ತಿದ್ದರು. ಮೈದಾನದ ನಡುವೆ ಆಡಲು ರಾಯ್ ಕೀನ್ ಇದ್ದ, ಪಾಲ್ ಸ್ಕೋಲ್ಸ್ ಇದ್ದ. ತಂಡ ನಡೆಸಿಯೇ ರೂಢಿಯಿದ್ದವನಿಗೆ ಇಲ್ಲಿ ತಂಡ ಆಗಲೇ ಬೇರೆಯವರ ಕೈಯಲ್ಲಿತ್ತು. 2003ರಲ್ಲಿ ಯುನೈಟೆಡ್ ಲೀಗ್ ಗೆದ್ದಿತು, ಅದೇ ಬೇಸಿಗೆಯಲ್ಲಿ ಅವನನ್ನು ಲಂಡನ್ನಿನ ಚೆಲ್ಸಿ ಕ್ಲಬ್ಬಿಗೆ ಮಾರಿತು. ಬೆಲೆ ಸುಮಾರು ಅರ್ಧಕ್ಕೆ ಇಳಿದಿತ್ತು. ಅಲ್ಲಿ ಬೆನ್ನುನೋವು ಕಾಡಿತು. ಲೀಗ್‌ನಲ್ಲಿ ಆಡಿದ್ದು ಏಳೇ ಪಂದ್ಯ.

ಇವತ್ತಿಗೂ ನಮ್ಮ ಆಫೀಸಿನಲ್ಲಿ ಅವನ ಹೆಸರೆತ್ತಿದರೆ ಬರುವ ಮೊದಲ ಮಾತು ಆ ಹಣದ್ದೇ. 28 ಮಿಲಿಯನ್ ನೀರಿಗೆ ಹಾಕಿದ ಹಾಗಾಯಿತು ಅಂತ. ಪಾಪ, ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಇಲ್ಲಿನವರ ಲೆಕ್ಕವೇ ಹಾಗೆ. ಆಟಗಾರ ಬಂದಾಗ ಒಂದು ಬೆಲೆ, ಹೋದಾಗ ಒಂದು ಬೆಲೆ. ಅವೆರಡರ ನಡುವೆ ಆದದ್ದಷ್ಟೇ ಅವನ ಕಥೆ. ಅವನು ಎಲ್ಲಿಂದ ಬಂದ, ಆಮೇಲೆ ಎಲ್ಲಿಗೆ ಹೋದ ಎಂದು ಯಾರೂ ಕೇಳುವುದಿಲ್ಲ.

ಹತ್ತು ವರ್ಷದ ಹಿಂದೆ ನಮ್ಮ ಪಕ್ಕದ ಮನೆಗೆ ಅರ್ಜೆಂಟೀನಾದ ಲಾ ಪ್ಲಾಟಾ ಊರಿನ ಒಬ್ಬರು ಬಾಡಿಗೆಗೆ ಬಂದರು. ಇಲ್ಲಿನ ಆಸ್ಪತ್ರೆಯಲ್ಲಿ ಅವರಿಗೆ ಕೆಲಸ. ಪರಿಚಯವಾದ ಎರಡನೇ ನಿಮಿಷಕ್ಕೆ, ನೀವು ಯಾವ ಕ್ಲಬ್‌ನವರು ಎಂದು ಕೇಳಿದರು. ಅರ್ಜೆಂಟೀನಾದಲ್ಲಿ ಹೊಸಬರನ್ನು ಕೇಳುವ ಪ್ರಶ್ನೆಯೇ ಅದಂತೆ. ನನಗೆ ತಕ್ಷಣ ನಮ್ಮ ಪ್ರಶ್ನೆ ನೆನಪಾಯಿತು. ಇಬ್ಬರು ಕನ್ನಡಿಗರು ದೂರದೇಶದ ಅಂಗಡಿಯಲ್ಲಿ ಎದುರಾದರೂ ಕೇಳುವುದು ಅದನ್ನೇ ಅಲ್ವಾ? "ಯಾವೂರಾಯ್ತು ನಿಮ್ದು?" ನಾನು ವೆರೋನ್ ಹೆಸರು ಹೇಳಿದೆ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು "ಬ್ರುಹೀತಾ" ಎಂದರು. ಪುಟ್ಟ ಮಾಟಗಾತಿ ಎಂದರ್ಥ.

ಆ ಹೆಸರು ಅವನಿಗೆ ಅಪ್ಪನಿಂದ ಬಂದದ್ದು. ಅಪ್ಪ ಹುವಾನ್ ರಾಮೋನ್ ವೆರೋನ್ ಅವರನ್ನು ಜನ "ಲಾ ಬ್ರೂಹಾ", ಅಂದರೆ ಮಾಟಗಾತಿ, ಎಂದು ಕರೆಯುತ್ತಿದ್ದರು. ಲಾ ಪ್ಲಾಟಾದ ಎಸ್ತೂದಿಯಾಂತೆಸ್ ಕ್ಲಬ್ 1968, 1969, 1970ರಲ್ಲಿ ಸಾಲಾಗಿ ಮೂರು ಸಲ ಲಿಬರ್ಟಡೋರೆಸ್ ಕಪ್ ಗೆದ್ದಿತು. ಅದು ದಕ್ಷಿಣ ಅಮೆರಿಕದ ಕ್ಲಬ್‌ಗಳ ಅತಿ ದೊಡ್ಡ ಕಪ್. ಮೂರರಲ್ಲೂ ಅಪ್ಪ ಆಡಿದ್ದರು. 1968ರ ಅಕ್ಟೋಬರ್‌ನಲ್ಲಿ ಯುರೋಪಿನ ಚಾಂಪಿಯನ್ ಜೊತೆ ಇಂಟರ್‌ಕಾಂಟಿನೆಂಟಲ್ ಕಪ್ ಪಂದ್ಯ. ಯುರೋಪಿನ ಚಾಂಪಿಯನ್ ಯಾರು ಗೊತ್ತಾ? ಮ್ಯಾಂಚೆಸ್ಟರ್ ಯುನೈಟೆಡ್. ಬ್ಯೂನಸ್ ಐರಿಸ್‌ನಲ್ಲಿ ಎಸ್ತೂದಿಯಾಂತೆಸ್ 1-0 ಗೆದ್ದಿತ್ತು. ಎರಡನೇ ಪಂದ್ಯ ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ. ಏಳನೇ ನಿಮಿಷದಲ್ಲೇ ಅಪ್ಪ ವೆರೋನ್ ತಲೆಯಿಂದ ಗೋಲು ಹೊಡೆದರು. ಪಂದ್ಯ 1-1 ಆಯಿತು, ಕಪ್ ಲಾ ಪ್ಲಾಟಾಕ್ಕೆ ಹೋಯಿತು. 33 ವರ್ಷದ ನಂತರ ಅದೇ ಮೈದಾನಕ್ಕೆ ಮಗ ಯುನೈಟೆಡ್‌ನ ಅಂಗಿ ತೊಟ್ಟು ಬಂದ. ನಾನು ಎಷ್ಟೋ ಸಲ ಅಲ್ಲಿ ಕೂತು ಪಂದ್ಯ ನೋಡಿದ್ದೇನೆ. ಇದು ಗೊತ್ತಾಗಿದ್ದು ಮಾತ್ರ ನೆರೆಮನೆಯವರಿಂದ.

ಅವರು ಹೇಳುವ ಕಥೆಯಲ್ಲಿ ಮ್ಯಾಂಚೆಸ್ಟರ್ ಒಂದು ಸಣ್ಣ ಅಧ್ಯಾಯ. ಕಥೆ ಶುರುವಾಗುವುದು 1994ರಲ್ಲಿ. ಆಗ 19ರ ಹುಡುಗ ವೆರೋನ್. ಆ ವರ್ಷ ಎಸ್ತೂದಿಯಾಂತೆಸ್ ಎರಡನೇ ದರ್ಜೆಗೆ ಇಳಿಯಿತು. ಅವನು ಬಿಟ್ಟು ಹೋಗಲಿಲ್ಲ. ಒಂದೇ ವರ್ಷದಲ್ಲಿ ಕ್ಲಬ್ಬನ್ನು ಮತ್ತೆ ಮೇಲೆ ತಂದವರಲ್ಲಿ ಅವನೂ ಒಬ್ಬ. ಆಮೇಲೆ 1996ರಲ್ಲಿ ಕೆಲವು ತಿಂಗಳು ಬೋಕಾ ಜೂನಿಯರ್ಸ್‌ನಲ್ಲಿ ಮರಡೋನಾ ಜೊತೆ ಆಡಿದ. ಅದೇ ವರ್ಷ ಇಟಲಿಗೆ ಹಾರಿದ. ಸಂಪ್ಡೋರಿಯಾದಲ್ಲಿ ಎರಡು ವರ್ಷ. ಪಾರ್ಮಾದಲ್ಲಿ ಒಂದೇ ವರ್ಷ, ಆದರೆ ಎರಡು ಕಪ್: ಇಟಲಿಯ ಕಪ್, ಮತ್ತು ಮಾಸ್ಕೋದಲ್ಲಿ ಮಾರ್ಸೇ ತಂಡವನ್ನು 3-0ಯಿಂದ ಸೋಲಿಸಿ ಯುರೋಪಿನ ಯುಇಎಫ್ಎ ಕಪ್. ಆಮೇಲೆ ರೋಮ್‌ನ ಲಾಜಿಯೋ.

ಅಲ್ಲಿ ಅವನ ಮೊದಲ ಸೀಸನ್‌ನಲ್ಲಿ ಇಟಲಿಯ ಲೀಗ್‌ನ ಕೊನೆಯ ದಿನವನ್ನು ಸ್ವಲ್ಪ ಹೇಳಲೇಬೇಕು. 2000ದ ಮೇ 14. ಲಾಜಿಯೋ ತನ್ನ ಪಂದ್ಯವನ್ನು 3-0 ಗೆದ್ದಿತು, ಒಂದು ಗೋಲು ವೆರೋನ್‌ನ ಪೆನಾಲ್ಟಿ. ಆದರೆ ಪ್ರಶಸ್ತಿ ಯಾರದೆಂದು ತೀರ್ಮಾನವಾಗಿರಲಿಲ್ಲ. ಪೆರೂಜಾದಲ್ಲಿ ಯುವೆಂಟಸ್ ಆಡುತ್ತಿತ್ತು. ಅಲ್ಲಿ ಜಡಿಮಳೆ, ಪಂದ್ಯ ಅರ್ಧಕ್ಕೆ ನಿಂತಿತ್ತು. ರೋಮ್‌ನಲ್ಲಿ ಜನ ರೇಡಿಯೋ ಕಿವಿಗಿಟ್ಟು ಕಾದರು. ಮಳೆ ನಿಂತು ಆಟ ಮುಂದುವರಿದಾಗ ಯುವೆಂಟಸ್ ಸೋತಿತು. 1974ರ ನಂತರ ಲಾಜಿಯೋಗೆ ಇಟಲಿಯ ಪಟ್ಟ ಸಿಕ್ಕಿದ್ದು ಆಗಲೇ. ಲಾಜಿಯೋವನ್ನು ಪ್ರೀತಿಸುವ ರೋಮ್‌ನ ಆ ಅರ್ಧ ಊರಿಗೆ ವೆರೋನ್ ಇವತ್ತಿಗೂ ತಮ್ಮವನೇ.

ತಾಯ್ನಾಡಿನಲ್ಲಿ ಅವನಿಗೆ ಸಿಕ್ಕ ಪೆಟ್ಟು ಬೇರೆ. 2002ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ಇಂಗ್ಲೆಂಡ್ ಎದುರು 1-0ಯಿಂದ ಸೋತಿತು. ವೆರೋನ್‌ನನ್ನು ಅರ್ಧ ಆಟಕ್ಕೇ ಹೊರಗೆ ಕರೆದರು. ತಂಡ ಮೊದಲ ಸುತ್ತಿನಲ್ಲೇ ಮನೆಗೆ ಬಂತು. ಅವನು ಆಡುತ್ತಿದ್ದುದು ಇಂಗ್ಲೆಂಡ್‌ನ ಕ್ಲಬ್‌ನಲ್ಲಿ. ಇನ್ನೇನು ಬೇಕು? ಇಂಗ್ಲಿಷರಿಗಾಗಿ ಬೇಕೆಂದೇ ಸೋತ ಎಂದು ಬೈದರು. ಅರ್ಜೆಂಟೀನಾದಲ್ಲಿ ಒಂದು ಬೈಗುಳ ಇದೆ, "ಪೆಚೋ ಫ್ರಿಯೋ". ಎದೆ ತಣ್ಣಗಿರುವವನು, ಒಳಗೆ ಬೆಂಕಿಯಿಲ್ಲದವನು ಎಂದು ಅರ್ಥ. ವರ್ಷಗಟ್ಟಲೆ ಅವನು ಅದನ್ನು ಕೇಳಿಸಿಕೊಂಡ. ಹೊರಗಿದ್ದವರ ಪ್ರೀತಿಯನ್ನು ಅನುಮಾನಿಸುವುದು ತುಂಬ ಸುಲಭ. ನಮ್ಮಲ್ಲೂ ಇದೆ. ಕಾವೇರಿ ವಿಷಯವೋ ಕನ್ನಡ ಶಾಲೆಯ ವಿಷಯವೋ ಮಾತಾಡಲು ಹೋದರೆ, ನೀವು ಅಲ್ಲಿ ಕೂತು ಯಾಕೆ ಮಾತಾಡ್ತೀರಿ ಎನ್ನುತ್ತಾರೆ. ಆ ಮಾತು ನನ್ನನ್ನು ಪ್ರತಿ ಸಲವೂ ಚುಚ್ಚಿದೆ.

ನಾನು ಇದನ್ನೆಲ್ಲ ಬರೆಯಲು ಕೂತಿದ್ದು 2006ರ ಸಲುವಾಗಿ. ಚೆಲ್ಸಿಯಿಂದ ಎರವಲಿಗೆ ಹೋಗಿ ಎರಡು ವರ್ಷ ಇಂಟರ್ ಮಿಲಾನ್‌ನಲ್ಲಿ ಆಡಿದ್ದ. ವಯಸ್ಸು 31. ಯುರೋಪಿನಲ್ಲಿ ಇನ್ನೂ ಒಳ್ಳೆಯ ಸಂಬಳ ಸಿಗುತ್ತಿತ್ತು. ಆಗ ಅವನು ಲಾ ಪ್ಲಾಟಾಕ್ಕೆ ವಾಪಸ್ ಹೋದ. ಎಸ್ತೂದಿಯಾಂತೆಸ್ 1983ರಿಂದ ಒಂದೂ ಲೀಗ್ ಪಟ್ಟ ಗೆದ್ದಿರಲಿಲ್ಲ. ಕೋಚ್ ಆಗಿದ್ದುದು ಡಿಯೆಗೋ ಸಿಮಿಯೋನೆ, ಲಾಜಿಯೋದಲ್ಲಿ ಇವನ ಜೊತೆ ಆಡಿದವನು. ಮೊದಲ ಅರೆವರ್ಷದಲ್ಲೇ ಬೋಕಾ ಜೊತೆ ಸಮ ಅಂಕಕ್ಕೆ ಬಂದರು. ಡಿಸೆಂಬರ್ 13ರಂದು ನಿರ್ಣಾಯಕ ಪಂದ್ಯ. ಬೋಕಾ ಮೊದಲು ಗೋಲು ಹೊಡೆಯಿತು. ಕೊನೆಗೆ ಎಸ್ತೂದಿಯಾಂತೆಸ್ 2-1. ಇಪ್ಪತ್ತಮೂರು ವರ್ಷದ ಬರ ಮುಗಿಯಿತು.

ಅದಕ್ಕಿಂತ ದೊಡ್ಡದು 2009. ಲಿಬರ್ಟಡೋರೆಸ್ ಫೈನಲ್, ಎದುರಿಗೆ ಬ್ರೆಜಿಲ್‌ನ ಕ್ರುಜೇರೋ. ಲಾ ಪ್ಲಾಟಾದಲ್ಲಿ 0-0. ಬೆಲೊ ಹೊರಿಜೊಂಟೆಯಲ್ಲಿ ಮೊದಲು ಕ್ರುಜೇರೋ ಮುಂದೆ. ಆಮೇಲೆ ಗಾಸ್ತೋನ್ ಫೆರ್ನಾಂಡೆಸ್ ಒಂದು, ಮೌರೋ ಬೊಸೆಲಿ ಒಂದು. ಅಪ್ಪ ಎತ್ತಿದ್ದ ಕಪ್ಪನ್ನು 39 ವರ್ಷದ ನಂತರ ಮಗ ಎತ್ತಿದ. ಅದೇ ಡಿಸೆಂಬರ್‌ನಲ್ಲಿ ಅಬುಧಾಬಿಯಲ್ಲಿ, ಕ್ಲಬ್ ವಿಶ್ವಕಪ್ ಫೈನಲ್‌ನಲ್ಲಿ, ಮೆಸ್ಸಿಯ ಬಾರ್ಸಿಲೋನಾವನ್ನು 89ನೇ ನಿಮಿಷದವರೆಗೆ ಸೋಲಿನ ಅಂಚಿನಲ್ಲಿ ನಿಲ್ಲಿಸಿದ್ದರು. ಪೆಡ್ರೋ ಸಮ ಮಾಡಿದ, ಹೆಚ್ಚುವರಿ ಸಮಯದಲ್ಲಿ ಮೆಸ್ಸಿ ಎದೆಯಿಂದ ಗೋಲು ತಳ್ಳಿದ. 2008 ಮತ್ತು 2009 ಎರಡೂ ವರ್ಷ ದಕ್ಷಿಣ ಅಮೆರಿಕದ ಅತ್ಯುತ್ತಮ ಆಟಗಾರ ಇದೇ ವೆರೋನ್. ಮ್ಯಾಂಚೆಸ್ಟರ್‌ನವರು ಮುಗಿದುಹೋದ ಎಂದುಕೊಂಡವನು!

ಬಹಳ ಆಟಗಾರರು ಊರಿಗೆ ಮರಳುತ್ತಾರೆ, ನಿಜ. ಆದರೆ ಹೆಚ್ಚಿನವರು ಕಾಲು ಸೋತ ಮೇಲೆ, ಒಂದು ಸೀಸನ್ ಕೈ ಬೀಸಿ ಬೀಳ್ಕೊಡುಗೆ ತಗೊಳ್ಳಲು ಮರಳುತ್ತಾರೆ. ಇವನು ಕೊಡಲು ಇನ್ನೂ ಏನಾದರೂ ಇದ್ದಾಗಲೇ ಮರಳಿದ. ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಅದಕ್ಕೆ.

ನಾವು ಹೊರನಾಡಿನವರು ಮಾತಾಡುವ ರೀತಿ ನೋಡಿ. ಸಾಲ ತೀರಲಿ, ಮಕ್ಕಳ ಓದು ಮುಗಿಯಲಿ, ಪಿಂಚಣಿ ಬರಲಿ, ಆಮೇಲೆ ಊರು. ಅಂದರೆ ಊರಿಗೆ ಉಳಿಯುವುದು ನಮ್ಮ ಮಂಡಿನೋವಿನ ವರ್ಷಗಳು. ಊರಿನಲ್ಲಿರುವವರ ರೀತಿಯೂ ಹಾಗೇ. ನಮ್ಮ ದೊಡ್ಡಪ್ಪನ ಮಗ 38ನೇ ವಯಸ್ಸಿಗೆ ದೋಹಾ ಬಿಟ್ಟು ಕೋಲಾರಕ್ಕೆ ಬಂದು ತೋಟ ಮಾಡಿದ. ಬೀದಿಯವರೆಲ್ಲ ಕೇಳಿದ್ದು ಒಂದೇ: "ಯಾಕಪ್ಪಾ, ಅಲ್ಲಿ ಏನಾದ್ರೂ ತೊಂದರೆ ಆಯ್ತಾ?" ಚೆನ್ನಾಗಿದ್ದವನು ಸುಮ್ನೆ ಯಾಕೆ ಬರುತ್ತಾನೆ ಅನ್ನುವ ಭಾವ. ಲಾ ಪ್ಲಾಟಾದಲ್ಲಿ ವೆರೋನ್‌ಗೆ ಈ ಪ್ರಶ್ನೆ ಯಾರೂ ಕೇಳಲಿಲ್ಲ ಎನ್ನುತ್ತಾರೆ ನೆರೆಮನೆಯವರು. ಮನೆಗೆ ಬಂದವನನ್ನು ಯಾಕೆ ಬಂದೆ ಅಂತ ಕೇಳ್ತಾರಾ ಅಂತ ಅವರು ನನ್ನನ್ನೇ ಕೇಳಿದರು.

2019ರ ಡಿಸೆಂಬರ್‌ನಲ್ಲಿ ನಾನು ಅವರ ಜೊತೆ ಅಲ್ಲಿಗೆ ಹೋಗಿದ್ದೆ. ಅಲ್ಲಿ ಆಗ ಬಿಸಿಲು ಕಾಲ, ಬೀದಿಬೀದಿಯಲ್ಲಿ ಟೀಲೋ ಮರಗಳು ಹೂಬಿಟ್ಟು ಗಮ್ಮೆನ್ನುತ್ತಿದ್ದವು. 1882ರಲ್ಲಿ ನಕ್ಷೆ ಹಾಕಿ ಕಟ್ಟಿದ ಊರು ಅದು. ಬೀದಿಗಳಿಗೆಲ್ಲ ಅಂಕಿ. ಜಯನಗರದ ಮೇನ್, ಕ್ರಾಸ್ ಗೊತ್ತಿದ್ದವರಿಗೆ ಅಲ್ಲಿ ದಾರಿ ತಪ್ಪುವುದಿಲ್ಲ, ನಡುವೆ ಓರೆಯಾಗಿ ಹಾಯುವ ರಸ್ತೆಗಳಷ್ಟೇ ತಬ್ಬಿಬ್ಬು ಮಾಡುತ್ತವೆ. ಕ್ಲಬ್ಬಿನ ಮೈದಾನವನ್ನೂ ಜನ ವಿಳಾಸದಿಂದಲೇ ಕರೆಯುತ್ತಾರೆ: 1 ಮತ್ತು 57. ಹಳೆಯ ಮೈದಾನ ಮುಚ್ಚಿ ಹದಿನಾಲ್ಕು ವರ್ಷವಾಗಿತ್ತು. ನಾವು ಹೋಗುವ ಒಂದು ತಿಂಗಳ ಹಿಂದಷ್ಟೇ ಹೊಸದು ತೆರೆದಿತ್ತು. ಅದನ್ನು ಮುಗಿಸಿದ ಅಧ್ಯಕ್ಷ ಯಾರು? ವೆರೋನ್. 2014ರಲ್ಲಿ ಬೂಟು ಬಿಚ್ಚಿಟ್ಟು ಚುನಾವಣೆಗೆ ನಿಂತು ಗೆದ್ದಿದ್ದ. ಮೈದಾನದ ಆಸನಗಳನ್ನು ಅಭಿಮಾನಿಗಳು ಮುಂಗಡ ಕೊಂಡರೆ ಮತ್ತೆ ಆಡುತ್ತೇನೆ ಎಂದು ಮಾತು ಕೊಟ್ಟಿದ್ದ. ಅದರಂತೆ 2017ರಲ್ಲಿ, 42ನೇ ವಯಸ್ಸಿನಲ್ಲಿ, ಅಧ್ಯಕ್ಷನಾಗಿದ್ದುಕೊಂಡೇ ಲಿಬರ್ಟಡೋರೆಸ್ ಪಂದ್ಯಕ್ಕೆ ಇಳಿದ.

ಇದು ಸಾಧ್ಯವಾಗಿದ್ದು ಕ್ಲಬ್ಬು ಊರಿನ ಜನರದ್ದಾದ ಕಾರಣ. ಅರ್ಜೆಂಟೀನಾದ ಕ್ಲಬ್‌ಗಳು ಕಂಪನಿಗಳಲ್ಲ, ಸದಸ್ಯರ ಸಂಘಗಳು. ತಿಂಗಳ ಚಂದಾ ಕಟ್ಟುವವರು ಓಟು ಹಾಕಿ ಅಧ್ಯಕ್ಷನನ್ನು ಆರಿಸುತ್ತಾರೆ. ಹೋದವರಿಗೆ ಮರಳಲು ಒಂದು ಬಾಗಿಲು ಅಲ್ಲಿ ಇದೆ. ಅಲೆಹಾಂಡ್ರೋ ಸಬೆಯಾ ಶೆಫೀಲ್ಡ್, ಲೀಡ್ಸ್‌ನಲ್ಲಿ ಆಡಿ ಅದೇ ಬಾಗಿಲಿನಿಂದ ಒಳಗೆ ಬಂದವರು. 2009ರ ಕಪ್ ಗೆದ್ದಾಗ ಕೋಚ್ ಅವರೇ. ಇತ್ತೀಚೆಗೆ ವೆರೋನ್ ಅಮೆರಿಕದ ಹೂಡಿಕೆದಾರನ ಹಣ ತರಲು ಹೊರಟಾಗ ಸದಸ್ಯರಲ್ಲಿ ದೊಡ್ಡ ಜಗಳವೇ ಆಯಿತು. ಈ ಒಂದು ವಿಷಯದಲ್ಲಿ ನನಗೆ ಅವನ ದಾರಿ ಹಿಡಿಸಲಿಲ್ಲ. ಕ್ಲಬ್ಬು ದುಡ್ಡಿದ್ದವರ ಸ್ವತ್ತಾದರೆ ಏನಾಗುತ್ತದೆ ಎಂದು ನಾನು ಮ್ಯಾಂಚೆಸ್ಟರ್‌ನಲ್ಲಿ ಕಣ್ಣಾರೆ ಕಂಡಿದ್ದೇನೆ.

ನಮ್ಮಲ್ಲಿ ಆ ಬಾಗಿಲು ಎಲ್ಲಿದೆ? 1937ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ಹೆಸರು ಈಗ ಎಷ್ಟು ಜನಕ್ಕೆ ಗೊತ್ತು? ಎಚ್ಎಎಲ್, ಐಟಿಐ ತಂಡಗಳ ಹಳೆಯ ಕಾಲವನ್ನು ನೆನೆದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. 1969ರ ನಂತರ ನಮಗೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಮತ್ತೆ ಸಿಕ್ಕಿದ್ದು 2023ರಲ್ಲಿ, ಅದೂ ರಿಯಾದ್‌ನಲ್ಲಿ ಆಡಿದ ಫೈನಲ್‌ನಲ್ಲಿ. ಕಾನೂನೂ ನಮಗೆ ಅಡ್ಡ. ಅರ್ಜೆಂಟೀನಾದವರು ಎಷ್ಟು ದೇಶ ಸುತ್ತಿದರೂ ಅಲ್ಲಿನ ಪ್ರಜೆಗಳೇ. ನಾವು ಬ್ರಿಟಿಷ್ ಪಾಸ್‌ಪೋರ್ಟ್ ತಗೊಂಡರೆ ಭಾರತದ ಪೌರತ್ವ ಹೋಯಿತು. ಹೊರದೇಶದ ಪ್ರಜೆಗಳಾದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೆ ಬಂದು ಹೋಗಬಹುದು, ಓಟು ಹಾಕುವಂತಿಲ್ಲ, ಹೊಲ ಕೊಳ್ಳುವಂತಿಲ್ಲ. ನಾನು ಇನ್ನೂ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದೇನೆ. ವೀಸಾ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತೇನೆ.

ವೆರೋನ್ ಹತ್ತಿರ ಹಣವಿತ್ತು, ಅವನಿಗೆ ಮರಳುವುದು ಸುಲಭ ಎನ್ನಬಹುದು. ಒಪ್ಪುತ್ತೇನೆ. ನನ್ನ ನೆರೆಮನೆಯವರ ಹತ್ತಿರ ಅಷ್ಟು ಹಣವಿಲ್ಲ. ಅವರು ಮರಳುವುದೂ ಖಚಿತವಿಲ್ಲ. ಆದರೆ ಪ್ರತಿ ತಿಂಗಳೂ ಎಸ್ತೂದಿಯಾಂತೆಸ್‌ಗೆ ಚಂದಾ ಕಟ್ಟುತ್ತಾರೆ. ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿದ ಮಗಳ ಹೆಸರಿನಲ್ಲೂ ಕಟ್ಟುತ್ತಾರೆ. ಆ ಕೆಂಪು ಬಿಳಿ ಕಾರ್ಡನ್ನು ತೋರಿಸಿ, ನಿಮ್ಮ ಹಲಸೂರಿನಲ್ಲಿ ಇಂಥದ್ದು ಏನಿದೆ ಎಂದು ಒಮ್ಮೆ ಕೇಳಿದರು. ಆ ರಾತ್ರಿ ನಾನು ಗೌತಮಪುರದ ಹಳೇ ಗೆಳೆಯನಿಗೆ ಫೋನ್ ಮಾಡಿದೆ. ಹುಡುಗರು ಈಗಲೂ ಆಡ್ತಾರಾ, ಅವರಿಗೆ ಏನು ಬೇಕು ಅಂತ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಯಾವಾಗ ಬರ್ತೀಯ, ಮೊದಲು ಅದು ಹೇಳು" ಎಂದ.