ಸೇತುವೆ ಸರಿ, ಬಂಡೆ ಬಗ್ಗೆ ಯಾರಾದ್ರೂ ಕೇಳ್ರಪ್ಪಾ

ಇವತ್ತು ಮಾವನ ಹೊಸ ಮನೆ ಗೃಹಪ್ರವೇಶ. ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ಸರಿಯಾಗಿ ಮಾವ ಮೊಬೈಲ್ ಮುಂದೆ ಹಿಡಿದರು. "ನೋಡಮ್ಮಾ, ಒಬ್ಬಳೇ ಹೆಂಗಸು ಕಾಶ್ಮೀರದ ಚೆನಾಬ್ ರೈಲು ಸೇತುವೆ ಕಟ್ಟಿದಾಳಂತೆ. ನೀನೂ ಇದೇ ಓದಿದ್ದಲ್ವಾ?"

2025ರ ಜೂನ್‌ನಲ್ಲಿ ಹುಟ್ಟಿದ ಫಾರ್ವರ್ಡ್ ಇದು, ಇನ್ನೂ ಸತ್ತಿಲ್ಲ. ಆ ಹೆಂಗಸು ಬೆಂಗಳೂರಿನ ಐಐಎಸ್‌ಸಿ ಪ್ರೊಫೆಸರ್ ಮಾಧವಿ ಲತಾ. 2000ದಲ್ಲಿ ಐಐಟಿ ಮದ್ರಾಸ್‌ನಲ್ಲಿ ಪಿಎಚ್‌ಡಿ ಮುಗಿಸಿ, ಆಮೇಲೆ ಐಐಎಸ್‌ಸಿ ಸಿವಿಲ್ ವಿಭಾಗದ ಮೊದಲ ಮಹಿಳಾ ಅಧ್ಯಾಪಕಿ ಆದವರು. ಸೇತುವೆ ಉದ್ಘಾಟನೆ ಆದಾಗ ಅವರೇ ಬರೆದುಕೊಂಡರು: ಸಾವಿರಾರು ಜನರಲ್ಲಿ ನಾನೂ ಒಬ್ಬಳು, ಸುಮ್ನೆ ನನ್ನನ್ನು ಫೇಮಸ್ ಮಾಡಬೇಡಿ ಅಂತ. ತನ್ನ ಕೆಲಸ ಏನು ಅಂತಲೂ ಹೇಳಿದರು. ಇಳಿಜಾರು ಜರುಗದ ಹಾಗೆ ಹಿಡಿದು ನಿಲ್ಲಿಸೋದು, ಅದರ ಮೇಲೆ ಫೌಂಡೇಶನ್ ಡಿಸೈನ್ ಮಾಡೋದು. ಅದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ!

359 ಮೀಟರ್ ಎತ್ತರ, ಐಫೆಲ್ ಟವರ್‌ಗಿಂತ ಜಾಸ್ತಿ. ಇದು ಎಲ್ಲರಿಗೂ ಬಾಯಿಪಾಠ. ಸರಿ, 467 ಮೀಟರ್ ಉದ್ದದ ಆ ಕಮಾನು ಕಾಲೂರಿರೋದು ಯಾವುದರ ಮೇಲೆ? ಸೀಳು ಸೀಳಾದ ಡಾಲಮೈಟ್ ಬಂಡೆ ಮೇಲೆ. ಅದೂ ಭೂಕಂಪದ ಸೀಮೆಯಲ್ಲಿ.

ಲ್ಯಾಬ್‌ನಲ್ಲಿ ಕೋರ್ ಬಾಕ್ಸ್ ತೆರೆದಾಗ ನನ್ನ ಹುಡುಗರು ಮೊದಲು ನಗುತ್ತಾರೆ. ಬೋರ್ ಹೊಡೆದು ತೆಗೆದ ಬಂಡೆ ಕೆಲವು ಕಡೆ ಉದ್ದ ಕೋಲು, ಕೆಲವು ಕಡೆ ಪುಡಿಯಾದ ಕಡ್ಲೆಮಿಠಾಯಿ. 10 ಸೆಂಟಿಮೀಟರ್‌ಗಿಂತ ಉದ್ದದ ತುಂಡುಗಳನ್ನಷ್ಟೇ ಕೂಡಿಸಿ, ಬೋರ್ ಹೊಡೆದ ಉದ್ದಕ್ಕೆ ಭಾಗಿಸಿದರೆ ಆರ್‌ಕ್ಯೂಡಿ, ಅಂದ್ರೆ ಬಂಡೆ ಎಷ್ಟು ಒಡೆಯದೆ ಉಳಿದಿದೆ ಅನ್ನೋ ಅಳತೆ. ಆದರೆ ಬೋರ್ ಹೇಳೋದು ಆ ತೂತಿನ ಕಥೆ ಮಾತ್ರ. ಪಕ್ಕದಲ್ಲಿ ಏನಿದೆಯೋ ಅಗೆದಾಗಲೇ ಗೊತ್ತು. ಅಗೆದ ಹಾಗೆ ಲೆಕ್ಕ ಬದಲಾಯಿಸು, ಬಂಡೆ ಬಿಗಿಹಿಡಿಯೋಕೆ ರಾಕ್ ಬೋಲ್ಟ್ ಅನ್ನೋ ಕಬ್ಬಿಣದ ಸರಳು ಹೊಡಿ, ಸೀಳಿಗೆ ಗ್ರೌಟ್ ಅಂದ್ರೆ ಸಿಮೆಂಟ್ ಹಾಲು ತುಂಬು, ಮತ್ತೆ ನೋಡು. ಈ ಸೇತುವೆ ಬಗ್ಗೆ ಮಾಧವಿ ಲತಾ ಬರೆದ ಪೇಪರ್‌ನ ಹೆಸರಲ್ಲೇ ಇದೆ, 'ಡಿಸೈನ್ ಆಸ್ ಯು ಗೋ', ಹೋಗ್ತಾ ಹೋಗ್ತಾ ಡಿಸೈನ್ ಮಾಡು ಅಂತ. ಹೀಗೆ 17 ವರ್ಷ.

"ಸ್ವಲ್ಪ ಉಬ್ಬಿಸಿದ್ರೆ ಏನೀಗ ಅಕ್ಕಾ? ನಾಲ್ಕು ಹುಡುಗೀರು ಸಿವಿಲ್ ತಗೋತಾರೆ" ಅಂದಳು ತಂಗಿ. ತಗೊಳ್ಳಲಿ, ಸಂತೋಷ. ಆದರೆ ಪವಾಡ ನಂಬಿಕೊಂಡು ಬಂದವಳು, ಬಿಸಿಲಲ್ಲಿ ಕೂತು ತುಂಡು ಅಳೆಯುವಾಗ "ಇಷ್ಟೇನಾ?" ಅನ್ನೋದು ಗ್ಯಾರಂಟಿ.

ನಾನೂ ಅಂದಿದ್ದೆ. ಎಂಟೆಕ್‌ನಲ್ಲಿ ಸ್ಟ್ರಕ್ಚರ್ಸ್ ಸೀಟು ಸಿಗದೆ ಜಿಯೋಟೆಕ್‌ಗೆ, ಅಂದ್ರೆ ಮಣ್ಣು-ಬಂಡೆ ಓದೋ ವಿಭಾಗಕ್ಕೆ ಬಂದವಳು ನಾನು. ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಮೊದಲ ವರ್ಷ ಪೂರ್ತಿ ಮೂತಿ ಊದಿಸಿಕೊಂಡೇ ಓಡಾಡಿದೆ.

ಊಟ ಆದ ಮೇಲೆ ಮನೆ ತೋರಿಸಿದರು. ಫಾಲ್ಸ್ ಸೀಲಿಂಗ್‌ಗೇ ಲಕ್ಷಗಟ್ಟಲೆ ಸುರಿದಿದ್ದಾರೆ. ಸಾಯಿಲ್ ಟೆಸ್ಟ್ ಮಾಡಿಸಿದ್ರಾ ಅಂದೆ.

"ಪಕ್ಕದ ಸೈಟಿನವರು ಮಾಡಿಸಿದ್ರಲ್ಲಮ್ಮಾ. ಅದೇ ರಿಪೋರ್ಟಿಗೆ ನಮ್ಮ ಹೆಸರು ಹಾಕಿಸಿಕೊಂಡ್ವಿ."

ಅಡುಗೆಮನೆ ಕಿಟಕಿ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಹೊರಟಿತ್ತು. "ಪೇಂಟಿಂದು ಅಷ್ಟೇ" ಅಂದರು ಮಾವ. ಮುಟ್ಟಿ ನೋಡಿದೆ. ಉಗುರು ಒಳಗೆ ಹೋಯಿತು.